ಔವಾ ಆದ ಮೇಲೆ ನವ್ವ ಇಲ್ಲ

ನಮ್ಮ ಮೀನುಗಾರರ ಊರು ಅಬೂ ಕೀರಿನಲ್ಲಿ ಬಿರುಗಾಳಿ ಹೇಳದೆ ಕೇಳದೆ ಬರುವಂತಿಲ್ಲ. ಒಂದೊಂದಕ್ಕೂ ಹೆಸರಿದೆ, ಬರುವ ದಿನವಿದೆ. ನವೆಂಬರಿನಲ್ಲಿ ದಂಡೆಯನ್ನೆಲ್ಲ ಗುಡಿಸಿ ಹಾಕುವುದು ಮಕ್ನಸಾ, ಅಂದರೆ ಪೊರಕೆ. ಡಿಸೆಂಬರಿನಲ್ಲಿ ಕಾಸಿಮ್. ಹೀಗೆ ಒಂದರ ಹಿಂದೊಂದು ಬಂದು, ಮಾರ್ಚ್ ಕೊನೆಗೆ ಔವಾ ಊಳಿಟ್ಟು ಹೋದರೆ ಆ ವರ್ಷದ್ದು ಮುಗಿಯಿತು. ಇವಕ್ಕೆ ನಾವು ನವ್ವ ಎನ್ನುತ್ತೇವೆ. 'ಔವಾ ಆದ ಮೇಲೆ ನವ್ವ ಇಲ್ಲ' ಎಂಬುದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನನ್ನ ಗಂಡ ಶಹಾತಾ ಒಂದು ದೋಣಿಯ ರಯ್ಯಿಸ್, ಯಜಮಾನ. ನಮ್ಮ ಮನೆಯಲ್ಲೇ ಇರುವ ನನ್ನ ತಮ್ಮ ವಗ್ದಿ ಅದೇ ದೋಣಿಯಲ್ಲಿ ಬಲೆ ಎಳೆಯುತ್ತಾನೆ. ನನಗೆ ಅಂತ ಇರುವ ಗಂಡಸರು ಅವರಿಬ್ಬರೇ. ಇಬ್ಬರೂ ಒಂದೇ ಹಲಗೆಯ ಮೇಲೆ ನಿಂತು ಕಡಲಿಗೆ ಹೋಗುತ್ತಾರೆ.

ಏಪ್ರಿಲಿನಲ್ಲಿ ವಿಶ್ವವಿದ್ಯಾಲಯದಿಂದ ಕಡಲಿನ ವಿಜ್ಞಾನ ಓದಿದ ಡಾಕ್ಟರ್ ಯುಸ್ರಿಯಾ ಎಂಬ ಹುಡುಗಿ ಬಂದಳು. ದಕ್ಕೆಯ ಕಾಫಿ ಅಂಗಡಿಯಲ್ಲಿ ಗಂಡಸರ ನಡುವೆ ನಿಂತು ಮಾತಾಡಿದಳು. ನಾನು ಮೀನು ಸುಡುವ ಒಲೆ ಅದರ ಎದುರಿಗೇ ಇರುವುದರಿಂದ ಅಲ್ಲಿ ಯಾರು ಕೆಮ್ಮಿದರೂ ನನಗೆ ಕೇಳುತ್ತದೆ.

"ಕಡಲು ಬಿಸಿಯಾಗಿದೆ, ಹಾಜಿ. ಗಾಳಿ ಈಗ ಹಳೇ ತಾರೀಖು ನೋಡ್ಕೊಂಡು ಬರಲ್ಲ. ಔವಾ ಆದ್ಮೇಲೂ ಬರಬಹುದು. ಕಡಲು ಬಿಸಿಯಾಗಿದೆ ಅಂತ ನಾನೊಬ್ಳೇ ಹೇಳ್ತಿಲ್ಲ, ಪ್ರಪಂಚದ ವಿಜ್ಞಾನಿಗಳೆಲ್ಲ ಇದೇ ಹೇಳ್ತಿದಾರೆ."

ಹಾಜಿ ಬಿಲಾಲ್ ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ರಯ್ಯಿಸ್. ನವ್ವಗಳ ವಿಷಯದಲ್ಲಿ ಅವನ ಮಾತೇ ಕೊನೆ. ಅವನು ಹುಕ್ಕಾದ ನಳಿಗೆಯನ್ನು ಬಾಯಿಂದ ತೆಗೆದು ನಕ್ಕ.

"ಎಲ್ಲರೂ ಒಂದೇ ಮಾತು ಹೇಳ್ತಾರಾ ಮಗಳೇ? ಈ ಮೇಜಿನ ಸುತ್ತ ನಾಲ್ಕು ಜನ ಕೂತಿದೀವಿ, ಚಹಾಕ್ಕೆ ಸಕ್ಕರೆ ಎಷ್ಟು ಅಂತ ನಮ್ಮಲ್ಲೇ ಒಮ್ಮತ ಇಲ್ಲ. ಸಾವಿರ ಜನ ಒಂದೇ ಮಾತಾಡ್ತಾರೆ ಅಂದ್ರೆ, ದುಡ್ಡು ಕೊಟ್ಟೋನು ಒಬ್ನೇ ಅಂತ ಅರ್ಥ."

ಅಂಗಡಿಗೆ ಅಂಗಡಿಯೇ ನಕ್ಕಿತು. ನನ್ನ ಗಂಡನೂ ಸುಮ್ಮನಿರಲಿಲ್ಲ. "ಯಾರಿಗೋ ಇಲ್ಲಿ ಹೋಟೆಲ್ ಕಟ್ಟೋ ಆಸೆ ಇದೆ. ಮೊದ್ಲು ಹೆದರಿಸ್ತಾರೆ, ಆಮೇಲೆ ಒಕ್ಕಲೆಬ್ಬಿಸ್ತಾರೆ" ಎಂದ. ಇದನ್ನು ತೀರ ಹುಚ್ಚು ಮಾತು ಎನ್ನಲು ನನಗೂ ಬಾಯಿ ಬರಲಿಲ್ಲ. ನನ್ನ ಚಿಕ್ಕಮ್ಮನ ಮನೆ ಹೋದದ್ದು ಹಾಗೆಯೇ.

ಆ ಹುಡುಗಿ ಆಮೇಲೆ ನನ್ನ ಅಂಗಡಿಗೆ ಬಂದು ಕೂತಳು. ಮುಖ ಕೆಂಪಾಗಿತ್ತು. ಮೀನು ಮುರಿದು ತಿನ್ನುತ್ತ, "ಅವರ್ಯಾರೂ ನನ್ನ ನಂಬರ್ ಇಟ್ಕೊಳ್ಳಲಿಲ್ಲ. ನೀವಾದ್ರೂ ಇಟ್ಕೊಳ್ಳಿ ಉಮ್ ರಬಾಬ್" ಎಂದಳು. ರಬಾಬ್ ನನ್ನ ಮಗಳು. ಅವಳ ಹೆಸರು ಹಿಡಿದೇ ಊರು ನನ್ನನ್ನು ಕರೆಯುತ್ತದೆ. ನಂಬರ್ ಇಟ್ಟುಕೊಂಡೆ, ನನ್ನದನ್ನೂ ಕೊಟ್ಟೆ. ಅವಳ ಮಾತು ನಂಬಿ ಅಲ್ಲ, ಪಾಪ ಅನ್ನಿಸಿ.

ಮೇ ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಒಲೆಗೆ ಇದ್ದಿಲು ಸುರಿಯುವಾಗ ಡಾಕ್ಟರ್ ಯುಸ್ರಿಯಾಳ ದನಿ ಫೋನಿನಲ್ಲಿ ಬಂತು. "ಉಮ್ ರಬಾಬ್, ಇವತ್ತು ಮಧ್ಯಾಹ್ನದ ಮೇಲೆ ದೊಡ್ಡ ಗಾಳಿ ಇದೆ. ದಯವಿಟ್ಟು ಯಾರನ್ನೂ ಕಡಲಿಗೆ ಬಿಡಬೇಡಿ." ಆ ಹುಡುಗಿ ಹೆದರಿದ್ದಳು. ಓದಿದವರು ಹೀಗೆ ಹೆದರುವುದನ್ನು ನಾನು ಕೇಳಿರಲಿಲ್ಲ. ದಕ್ಕೆಗೆ ಓಡಿದೆ. ಶಹಾತಾ ದೋಣಿಗೆ ಐಸು ತುಂಬಿಸುತ್ತಿದ್ದ. ಅವನ ಕಿವಿಗೇ ಫೋನು ಹಿಡಿದೆ.

"ಮೇ ತಿಂಗಳಲ್ಲಿ ನವ್ವ!" ಎಂದು ಅವನು ಎಲ್ಲರಿಗೂ ಕೇಳುವಂತೆ ಕೂಗಿದ. "ಕೇಳಿದ್ರೇನ್ರೋ? ನನ್ನ ಹೆಂಡ್ತಿ ಡಾಕ್ಟರ್ ಆಗಿದಾಳೆ!"

"ಮಳೆ ಬಂದ್ರೆ ಒಳ್ಳೇದೇ ಅಕ್ಕಾ, ಸ್ನಾನದ ಖರ್ಚು ಉಳೀತು" ಎಂದ ವಗ್ದಿ. ಅವನ ಬಾಯಿಗೆ ಎಂದೂ ಬೀಗವಿಲ್ಲ.

"ಒಂದು ದಿನ ಹೋಗದಿದ್ರೆ ಏನು ಗಂಟು ಹೋಗತ್ತೆ ನಿಮ್ಮದು?" ಎಂದು ನಾನು ರೇಗಿದೆ. ಅವರು ಆಗಲೇ ಹಗ್ಗ ಬಿಚ್ಚಿದ್ದರು. ಬಿಸಿಲು ಚೆನ್ನಾಗಿತ್ತು. ನೀರು ಅಲುಗುತ್ತಿರಲಿಲ್ಲ. ನನಗೇ ನಾಚಿಕೆಯಾಗಿ ಒಲೆಯ ಬಳಿಗೆ ಹೋದೆ.

ಮಧ್ಯಾಹ್ನದ ನಮಾಜು ಮುಗಿದು ಸ್ವಲ್ಪ ಹೊತ್ತಾಗಿತ್ತು. ಗಾಳಿ ಇದ್ದಕ್ಕಿದ್ದಂತೆ ನಿಂತಿತು. ಬೆಕ್ಕುಗಳು ನನ್ನ ಒಲೆ ಬಿಟ್ಟು ಎಲ್ಲೋ ಹೋದವು. ಪಡುವಣದಲ್ಲಿ ಆಕಾಶ ಸೀದ ಪಾತ್ರೆಯ ತಳದಂತೆ ಕಪ್ಪಾಯಿತು. ಆಮೇಲೆ ಬಂತು ನೋಡಿ! ಕಾಫಿ ಅಂಗಡಿಯ ಕುರ್ಚಿಗಳು ಬೀದಿಯಲ್ಲಿ ಉರುಳಿಕೊಂಡು ಹೋದವು. ತಗಡುಗಳು ಹಾರಿದವು. ಆಲಿಕಲ್ಲು ನನ್ನ ಮೈಮೇಲೆ ಬೀಳುತ್ತಿದ್ದರೂ ನಾನು ದಕ್ಕೆಯ ಕಂಬ ತಬ್ಬಿಕೊಂಡು ನಿಂತೆ. ಕಡಲು ಕಾಣಿಸುತ್ತಲೇ ಇರಲಿಲ್ಲ, ಅದರ ಸದ್ದು ಮಾತ್ರ. ನಾನು ಹುಟ್ಟಿದ್ದೇ ಆ ದಂಡೆಯಲ್ಲಿ, ಆ ಸದ್ದು ನಾನು ಕೇಳಿರಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು ನನ್ನ ಪಕ್ಕ ನಿಂತರು. ರಬಾಬ್ ನನ್ನ ಉಡುಪಿನ ಚುಂಗು ಹಿಡಿದು, "ಅಪ್ಪ ಎಲ್ಲಿ?" ಎಂದಳು. ಅವಳ ತಲೆಗೆ ಆಲಿಕಲ್ಲು ಬೀಳದಂತೆ ಒಂದು ಕೈ ಅಡ್ಡ ಹಿಡಿದೆ.

ಸಂಜೆ ಹೊತ್ತಿಗೆ ದೋಣಿಗಳು ಒಂದೊಂದಾಗಿ ಬಂದವು. ನಮ್ಮದು ಎಲ್ಲಕ್ಕಿಂತ ಕೊನೆಗೆ ಬಂತು. ಅದರ ಮೇಲ್ಕಟ್ಟು ಇರಲಿಲ್ಲ, ಬಲೆಯೂ ಇರಲಿಲ್ಲ. ಶಹಾತಾ ಚುಕ್ಕಾಣಿಗೆ ತನ್ನನ್ನು ಹಗ್ಗದಿಂದ ಕಟ್ಟಿಕೊಂಡಿದ್ದ. ಬಿಚ್ಚಲು ಅವನ ಬೆರಳು ಬಗ್ಗಲಿಲ್ಲ, ನಾನೇ ಬಿಚ್ಚಿದೆ. ವಗ್ದಿಯನ್ನು ಅಲೆ ಒಮ್ಮೆ ನೀರಿಗೆ ಎಳೆದುಕೊಂಡು ಹೋಗಿತ್ತಂತೆ, ಇನ್ನೊಂದು ಅಲೆ ತಂದು ದೋಣಿಗೇ ಎಸೆಯಿತಂತೆ. ಅವನು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ನಾನು ಇಬ್ಬರ ತಲೆಯನ್ನೂ ಸವರಿ ಅಳುತ್ತ ದೇವರಿಗೆ ಶುಕ್ರಿಯಾ ಹೇಳಿದೆ. ಇನ್ನಾದರೂ ಇವರಿಗೆ ಬುದ್ಧಿ ಬಂತು ಅಂದುಕೊಂಡೆ.

ದೋಣಿ ರಿಪೇರಿಯಾಗುವವರೆಗೆ ಕಾಫಿ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಕೊನೆಗೆ ಹಾಜಿ ಬಿಲಾಲ್ ತೀರ್ಪು ಕೊಟ್ಟ.

"ಮಾರ್ಚಿನಲ್ಲಿ ಬಂದಿದ್ದು ಔವಾ ಅಲ್ಲ ಕಣ್ರೋ. ಅದು ಸುಮ್ನೆ ಒಂದು ಗಾಳಿ. ನಿಜವಾದ ಔವಾ ಈ ವರ್ಷ ತಡ ಮಾಡಿತ್ತು, ಮೊನ್ನೆ ಬಂತು. ನನ್ನ ತಾತನ ಕಾಲದಲ್ಲೂ ಒಂದ್ಸಲ ಹೀಗಾಗಿತ್ತು. ಈಗ ಬಂದು ಹೋಯ್ತಲ್ಲ, ಇನ್ನು ಕಡಲು ನಮ್ಮ ಮನೆ ಅಂಗಳ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇದಕ್ಕೇ. ಎಲ್ಲರೂ "ಹೌದು ಹಾಜಿ, ಸರಿ ಹಾಜಿ" ಎಂದರು. ಎಲ್ಲರ ಎದೆಯೂ ಹಗುರವಾದದ್ದು ನನಗೆ ಎದುರಿನಿಂದಲೇ ಕಂಡಿತು. ಶಹಾತಾ ಚಹಾ ಮುಗಿಸಿ ಬಂದು, "ನಾಳೆ ಬೆಳಿಗ್ಗೆ ಹೊರಡ್ತೀವಿ" ಎಂದ. ನನ್ನ ಕೈಯಲ್ಲಿದ್ದ ಮೀನು ಜಾರಿ ಬೆಂಕಿಗೆ ಬಿತ್ತು.

ಮನೆಗೆ ಹೋಗಿ ವಗ್ದಿಯನ್ನು ಹಿಡಿದುಕೊಂಡೆ. "ನೀನು ನೀರೊಳಗೆ ಹೋಗಿ ಬಂದೋನು. ನೀನು ಹೇಳೋ. ಅದು ಔವಾನಾ?"

"ಅಲ್ಲ ಅಕ್ಕಾ. ಅಂಥದ್ದನ್ನ ನಾನು ಕಂಡೇ ಇಲ್ಲ. ಆ ನೀರು ಬೆಚ್ಚಗಿತ್ತು."

"ಹಾಗಂತ ಅವರ ಮುಂದೆ ಹೇಳು."

"ಹೇಳಿದ್ರೆ ಆ ಅಂಗಡೀಲಿ ನನ್ನ ಪಕ್ಕ ಯಾರು ಕೂರ್ತಾರೆ? ಯಾವ ದೋಣೀಲಿ ಜಾಗ ಕೊಡ್ತಾರೆ? ಹೆದ್ರುಪುಕ್ಕಲ ಅಂತಾರೆ, ಆ ಡಾಕ್ಟರ್ ಕಡೆಯೋನು ಅಂತಾರೆ. ಬಿಡಕ್ಕಾ. ಎಲ್ಲರ ಜೊತೆ ಹೋಗಿಬಿಡೋದೇ ವಾಸಿ."

ಮರುದಿನ ದಕ್ಕೆಗೆ ಊರೇ ಬಂದಿತ್ತು. ಹಾಜಿ ಬಿಲಾಲ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಮೊದಲು ಹೊರಡುವ ಮರ್ಯಾದೆ ನಮ್ಮ ದೋಣಿಗೆ. ನಾನು ಯಾರನ್ನೂ ಕೇಳದೆ ಕರಿ ಉಡುಪನ್ನು ಮೊಣಕಾಲಿಗೆ ಎತ್ತಿಕೊಂಡು ದೋಣಿಗೆ ಹತ್ತಿದೆ, ಹೊಸ ಬಲೆಯ ರಾಶಿಯ ಮೇಲೆ ಕೂತೆ. ಗಂಡಸರೆಲ್ಲ "ಅಯ್ಯೋ, ಹೆಂಗಸು ದೋಣಿಗೆ!" ಎಂದು ಗುಲ್ಲೆಬ್ಬಿಸಿದರು.

"ಇಳಿ ಉಮ್ ರಬಾಬ್. ನಾಲ್ಕು ಜನರ ಮುಂದೆ ನನ್ನ ಮಾನ ಕಳೀಬೇಡ" ಎಂದ ಶಹಾತಾ.

"ನಾನೂ ಬರ್ತೀನಿ. ರಬಾಬಳನ್ನೂ ಕರ್ಕೊಂಡು ಹೋಗೋಣ, ಶಾಲೆ ಒಂದು ದಿನ ತಪ್ಪಿದ್ರೆ ಮುಳುಗಿ ಹೋಗಲ್ಲ. ಅಂಗಳ ಅಂತ ಹಾಜಿ ಹೇಳಿದ್ರಲ್ಲ, ಅಂಗಳಕ್ಕೆ ಹೆಂಡ್ತಿ ಮಕ್ಕಳು ಬರಬಾರ್ದಾ?"

"ತಲೆ ಕೆಟ್ಟಿದೆಯೇನೇ ನಿನಗೆ? ಮಗೂನ ಕರ್ಕೊಂಡು ಹೋಗೋದಾ? ನಡುಗಡಲಲ್ಲಿ ಏನಾದ್ರೂ ಆದ್ರೆ?"

ಅಂದುಬಿಟ್ಟ. ಅಂದ ಮೇಲೆ ಅವನಿಗೇ ಕೇಳಿಸಿತು. ಹಾಜಿ ಬಿಲಾಲ್ ಕೈಯಲ್ಲಿದ್ದ ತಸ್ಬಿ ಜಪಮಾಲೆಯ ಮಣಿಗಳನ್ನೇ ನೋಡುತ್ತ ಕೂತ. ವಗ್ದಿ ತಲೆ ಎತ್ತಲಿಲ್ಲ. ನಾನು ಎದ್ದು ಶಹಾತಾನ ಹತ್ತಿರ ಹೋಗಿ, ಅವನಿಗೆ ಮಾತ್ರ ಕೇಳುವಂತೆ, "ಏನಾಗತ್ತೆ ಅಂತ ನಿನ್ನ ಭಯ? ಹೇಳು. ಹೇಳಿ ಇಳಿದುಬಿಡು. ವಗ್ದೀನೂ ಸೇರಿ ಮೂರು ಜನಾನೂ ಮನೆಗೆ ಹೋಗೋಣ" ಎಂದೆ.

ಅವನ ಮುಖದಲ್ಲಿ ರಕ್ತವಿರಲಿಲ್ಲ. ಒಂದು ಗಳಿಗೆ ನನ್ನ ಜೊತೆ ಇಳಿದೇಬಿಡುತ್ತಾನೆ ಅಂದುಕೊಂಡೆ. ಆಗ ಅವನ ಕಣ್ಣು ನನ್ನ ಹೆಗಲಾಚೆ ಹೋಯಿತು. ಅಲ್ಲಿ ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ನನ್ನ ಮಣಿಕಟ್ಟು ಹಿಡಿದು ಮೆತ್ತಗೆ ದಕ್ಕೆಗೆ ಇಳಿಸಿದ. ಆ ಸೆಕೆಯಲ್ಲೂ ಅವನ ಕೈ ತಣ್ಣಗಿತ್ತು. "ರಬಾಬ್‌ಗೆ ಹೇಳು..." ಎಂದು ಶುರು ಮಾಡಿ, ತಿರುಗಿ ನಿಂತ. ಎಂಜಿನ್ ಹಚ್ಚಿದ.

ದೋಣಿ ಹೋಯಿತು, ಅದರ ಹಿಂದೆ ಉಳಿದವೂ ಹೋದವು. ನಾನು ಇಷ್ಟು ದಿನ ಹೆದರುತ್ತಿದ್ದದ್ದು ನನ್ನ ಗಂಡನಿಗೆ ಭಯವೇ ಇಲ್ಲವಲ್ಲ ಎಂದು. ಅವನಿಗೂ ನನ್ನಷ್ಟೇ ಭಯವಿದೆ. ಇದ್ದೂ ಹೋದ.