ಏಳು ತಲೆಮಾರಿನ ಪರೀಕ್ಷೆ

ಕೊಚ್ಕೋರಿನ ಸಭಾಭವನದಲ್ಲಿ ಎಲ್ಲರೂ 'ಅಪಾ' ಎಂದು ಕರೆಯುವ ನಮ್ಮಂಥ ಮುದುಕಿಯರನ್ನೆಲ್ಲ ಕೂರಿಸಿಕೊಂಡು ಪೊಲೀಸಿನ ಗುಲ್ಬಾರಾ ಪಾಠ ಹೇಳಿದಳು. "ಅಪಾ, ಮೊಮ್ಮಗ ಆಸ್ಪತ್ರೇಲಿದ್ದಾನೆ, ದುಡ್ಡು ಕಳ್ಸಿ ಅಂತ ಫೋನ್ ಬಂದ್ರೆ ಗಾಬರಿ ಬೀಳ್ಬೇಡಿ. ಮನೆಯವ್ರಿಗೆ ಮಾತ್ರ ಗೊತ್ತಿರೋದೇನಾದ್ರೂ ಕೇಳಿ. ತಪ್ಪು ಹೇಳಿದ್ರೆ ಫೋನ್ ಇಟ್ಟು ನಂಗೆ ತಿಳ್ಸಿ."

"ನಾನು ಏಳು ತಲೆಮಾರು ಕೇಳ್ತೀನಿ" ಅಂದೆ. ಅಪ್ಪನಿಂದ ಹಿಡಿದು ಏಳು ಹಿರಿಯರ ಹೆಸರು ಬಾರದವನು ಕಿರ್ಗಿಜನೇ ಅಲ್ಲ. ಪಕ್ಕದ ಮನೆಯ ಬುರುಲ್, "ನಿನ್ನ ದನಿ ಕೇಳಿದ್ರೆ ಕಳ್ಳ ತನ್ನ ಹೆಸ್ರೇ ಮರ್ತಾನು ಬಿಡೇ" ಎಂದು ನಕ್ಕಳು.

ಮರುದಿನವೇ ಫೋನ್ ಬಂತು. ಗುರುತಿಲ್ಲದ ನಂಬರು, ಒಡಕು ದನಿ.

"ಅಪಾ, ನಾನು ತಿಲೆಕ್. ಘಾಟೀಲಿ ಕಾರು ಉರುಳ್ತು. ನರಿನ್ ಆಸ್ಪತ್ರೇಲಿದ್ದೀನಿ. ಗೆಳೆಯ ಬರ್ತಾನೆ, ಅವನ ಕೈಲಿ ದುಡ್ಡು ಕಳ್ಸು."

ತಿಲೆಕ್ ನನ್ನ ಮೊಮ್ಮಗನ ಹೆಸರು. ಆದರೂ ಗಟ್ಟಿಯಾದೆ. "ಏಳು ತಲೆಮಾರು ಹೇಳೋ."

"ಈಗ್ಲಾ?"

"ಈಗ್ಲೇ!"

"ಸಾತಾರ್, ಜುಮಾಶ್, ಬೊರುಬಾಯ್…"

ನನ್ನ ಗಂಡ, ಮಾವ, ಮಾವನ ಅಪ್ಪ; ಅವು ಯಾರು ಬೇಕಾದರೂ ಗೋರಿಕಲ್ಲಿನ ಮೇಲೆ ಓದಬಹುದಾದ ಹೆಸರುಗಳು. "ಅಪ್ಪನಿಂದ ಶುರು ಮಾಡೋ!"

ಆ ಕಡೆ ಮಾತಿಲ್ಲ.

"ಅಪ್ಪನ ಹೆಸ್ರೇ ಗೊತ್ತಿಲ್ವೇನೋ, ಕಳ್ಳ ನನ್ಮಗ್ನೇ!" ಎಂದು ಬೈದು ಫೋನ್ ಇಟ್ಟೆ.

ಸುದ್ದಿ ಕೇಳಿ ಗುಲ್ಬಾರಾ, "ಭಲೇ ಅಪಾ! ಮುಂದಿನ ಸಭೇಲಿ ನೀವೇ ಮಾತಾಡ್ಬೇಕು" ಅಂದಳು. ತಿಲೆಕನ ನಂಬರಿಗೆ ಮಾಡಿ ನೋಡಿದೆ, ಸ್ವಿಚ್ ಆಫ್. ಚಹಾ ಬಸಿದೆ, ಕುಡಿಯಲಾಗಲಿಲ್ಲ. ಗೇಟಿನವರೆಗೆ ಹೋದೆ, ಬಂದೆ, ಮತ್ತೆ ಹೋದೆ. ಕೂತಲ್ಲಿ ಕೂರಲಾಗಲಿಲ್ಲ.

ಬುರುಲ್ ಬಂದಳು. "ಕನಾತ್ ಅಂತ ಒಂದು ಹೆಸ್ರು ಹೇಳೋಕ್ಕೆ ಬರ್ಲಿಲ್ವಾ ಆ ಮುಟ್ಠಾಳಂಗೆ? ಊರಿಗೆಲ್ಲ ಗೊತ್ತಿರೋ ಹೆಸ್ರು!"

ಕನಾತ್ ನನ್ನ ಮಗ, ತಿಲೆಕನ ಅಪ್ಪ. ರಷ್ಯಾಕ್ಕೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಇಲ್ಲಿ ಹೆಂಡತಿ ಸತ್ತಾಗ ಮಣ್ಣಿಗೂ ಬರಲಿಲ್ಲ. ಅವತ್ತಿನಿಂದ ತಿಲೆಕ್ ಅಪ್ಪನ ಹೆಸರೆತ್ತಿದವನಲ್ಲ. ಕಳ್ಳನಾಗಿದ್ದರೆ ಸಲೀಸಾಗಿ ಹೇಳುತ್ತಿದ್ದ. ಹೇಳಲಾರದೆ ಸುಮ್ಮನಾಗುವವನು ಈ ಭೂಮಿಯ ಮೇಲೆ ನನ್ನ ಮೊಮ್ಮಗನೊಬ್ಬನೇ.

ಅಯ್ಯೋ, ನನ್ನ ಬಾಯಿಗೆ ಬೆಂಕಿ ಬೀಳ!

ಗುಲ್ಬಾರಾ ಪೊಲೀಸ್ ಜೀಪಿನಲ್ಲೇ ನರಿನ್ ಆಸ್ಪತ್ರೆಗೆ ಕರೆದೊಯ್ದಳು. "ತಪ್ಪು ನಂದೂ ಇದೆ ಅಪಾ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು. ನನಗೆ ಅವಳ ಮೇಲೂ ಸಿಟ್ಟು, ಮುಗಿಯದ ಘಾಟಿಯ ಮೇಲೂ ಸಿಟ್ಟು. ಬದುಕಿದ್ದಾನೋ ಇಲ್ಲವೋ ಎಂದು ಜೀವ ಬಾಯಿಗೆ ಬಂದಿತ್ತು.

ಬದುಕಿದ್ದ. ತಲೆಗೆ ಬ್ಯಾಂಡೇಜು, ಕಾಲಿಗೆ ಪಟ್ಟಿ. ನನ್ನನ್ನು ಕಂಡದ್ದೇ ಗೋಡೆ ಕಡೆ ತಿರುಗಿದ.

"ಈಗ್ಲೂ ಹೇಳ್ಬೇಕಾ ಅಪಾ?"

"ಬೇಡ ಕಣೋ. ನಿಂದು ತಾತನಿಂದ್ಲೇ ಶುರು."

ಕನಾತನನ್ನು ಹೆತ್ತ ನಾನೇ ಹಾಗಂದೆ.