ಹಾಯದ ಕೋಣ

“ಜೋರಾಗಿ ಒಂದೇ ಒಂದು ಗುಟುರು ಹಾಕಿ, ಮಾಮ,” ಎಂದು ಗಾಜಿನಾಚೆಯಿಂದ ನಿರ್ದೇಶಕ ಕೂಗಿದಾಗ ಮುದುಕ ಮೈಕಿಗೆ ಅಂಗೈ ಅಡ್ಡ ಹಿಡಿದ.

“ಯಾಕಪ್ಪ? ನನ್ನ ಕೋಣ ಇಡೀ ಸಿನಿಮಾದಲ್ಲಿ ಯಾರನ್ನೂ ಹಾಯಲ್ವಲ್ಲ.”

“ಅಯ್ಯೋ, ಬರೀ ಮೈಕ್ ಟೆಸ್ಟಿಗೆ.”

ಈ ಕಾರ್ಟೂನ್ ಕೋಣಕ್ಕೆ ಅವನು ದನಿ ಕೊಡಲು ಶುರುಮಾಡಿ ಒಂಬತ್ತು ದಿನವಾಗಿತ್ತು. ಇಷ್ಟು ದಿನ ಟೆಸ್ಟಿಗೆ ‘ಒಂದು, ಎರಡು, ಮೂರು’ ಅಂದರೆ ಸಾಕಾಗುತ್ತಿತ್ತು. ಇವತ್ತು ನಿರ್ದೇಶಕನ ಪಕ್ಕದಲ್ಲಿ ಕೂತಿದ್ದ ನಿರ್ಮಾಪಕ ಇತ್ತ ನೋಡುತ್ತಲೇ ಇರಲಿಲ್ಲ. ಬರೀ ಟೆಸ್ಟಾದರೆ ಬಾಗಿಲ ಮೇಲಿನ ರೆಕಾರ್ಡಿಂಗಿನ ಕೆಂಪು ದೀಪ ಏಕೆ ಉರಿಯಬೇಕು?

ಮೂವತ್ತು ವರ್ಷ ಮುದುಕ ಬರೀ ರಾಕ್ಷಸರಿಗೆ ದನಿಯಾಗಿದ್ದ. ಅವನು ಕೆಮ್ಮಿದರೂ ಮೊಮ್ಮಗಳು ಅಮ್ಮನ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದಳು. ಅವನು ಮನೆಯಲ್ಲಿ ಕೋಣದ ಮೆತ್ತನೆಯ ಮಾತುಗಳನ್ನು ಅಭ್ಯಾಸ ಮಾಡತೊಡಗಿದ ಮೇಲೆ ಅವಳು ಮೊದಲ ಸಲ ಪಕ್ಕದಲ್ಲಿ ಬಂದು ಕೂತಿದ್ದಳು. “ತಾತ, ಇದು ಕೊನೇಲೂ ಜಗಳ ಆಡಲ್ಲ ತಾನೆ?” ಎಂದು ಕೇಳಿದ್ದಳು. ಆಡಲ್ಲ ಎಂದು ಅವನು ಮಾತು ಕೊಟ್ಟಿದ್ದ.

“ಬೆಳಿಗ್ಗೆ ನನ್ನ ಕುರ್ಚಿಗೆ ದಿಂಬು ತರಿಸಿದಾಗಲೇ ಅನ್ಕೊಂಡೆ, ಇದ್ಯಾಕೋ ಹೊಸ ಅಳಿಯನ ಉಪಚಾರ ಆಯ್ತಲ್ಲ ಅಂತ. ನಿಜ ಹೇಳು, ಕಥೆಯ ಕೊನೆ ಬದಲಾಯಿಸ್ತಿದ್ದೀರಾ?” ಎಂದು ಮುದುಕ ಕೇಳಿದ.

ನಿರ್ದೇಶಕ ನಿರ್ಮಾಪಕನ ಮುಖ ನೋಡಿ ಬಾಯಿಬಿಟ್ಟ.

“ಒಂದೇ ಸಲ ಹಾಯುತ್ತೆ, ಮಾಮ. ಮಕ್ಕಳು ಶಿಳ್ಳೆ ಹೊಡೀತಾರೆ. ಮುಂದಿನ ಸಿನಿಮಾಕ್ಕೂ ನೀವೇ ಹೀರೊ, ಈಗ್ಲೇ ಬರ್ಕೊಡ್ತೀವಿ.”

“ಬೇಡ,” ಎಂದ ಮುದುಕ. “ನಾನು ಗುಟುರು ಹಾಕಲ್ಲ.”