ಬೀಗದಕ್ಕ ಬಾಯಿ ಮುಚ್ಚಿದ ದಿನ

ಬಡಾವಣೆಯ ಆ ಚಿಕ್ಕ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಹೆಂಗಸನ್ನು ಎಲ್ಲರೂ ಬೀಗದಕ್ಕ ಎಂದೇ ಕರೆಯುತ್ತಿದ್ದರು. ತುರ್ತು ಚಿಕಿತ್ಸೆಯ ಕೆಂಪು ಪೆಟ್ಟಿಗೆಗೆ ಬೀಗ ಜಡಿದು, ಕೀಲಿಕೈಯನ್ನು ದಿನಕ್ಕೊಂದು ಕಡೆ ಬಚ್ಚಿಡುವುದು ಹದಿನೆಂಟು ವರ್ಷಗಳಿಂದ ಆಕೆಯ ಪದ್ಧತಿ. ಕಾರಣವಿಲ್ಲದೆ ಅಲ್ಲ. ಬೀಗವಿಲ್ಲದ ಕಾಲದಲ್ಲಿ ಪೆಟ್ಟಿಗೆಯ ಕತ್ತರಿಗೆ ಕಾಲು ಬಂದಿತ್ತು. ಕಂಪೌಂಡರ್ ಅದರಲ್ಲಿ ಮೀಸೆ ಕತ್ತರಿಸಿಕೊಳ್ಳುತ್ತಿದ್ದುದನ್ನು ಆಕೆ ಕಣ್ಣಾರೆ ಕಂಡಿದ್ದಳು.

ಒಂದು ಮಧ್ಯಾಹ್ನ, ರೋಗಿಗಳಿಲ್ಲದ ಹೊತ್ತಿನಲ್ಲಿ, ತುರ್ತು ಸಿದ್ಧತೆಯ ತರಬೇತಿ ಕೊಡಲು ಮೇಷ್ಟ್ರೊಬ್ಬರು ಬಂದರು. ಪೆಟ್ಟಿಗೆ ನೋಡಿದವರೇ, "ಇದಕ್ಕೆ ಬೀಗ ಇರಬಾರದು," ಎಂದರು.

"ಬೀಗ ತೆಗೆದ್ರೆ ನಾಳೆ ಪೆಟ್ಟಿಗೇನೂ ಇರಲ್ಲ ಮೇಷ್ಟ್ರೇ," ಎಂದಳು ಬೀಗದಕ್ಕ.

ಡಾಕ್ಟರಮ್ಮ ನಡುವೆ ಬಂದರು. "ಇವತ್ತಿನ ತಾಲೀಮು ನಾಲ್ಕು ನಿಮಿಷದಲ್ಲಿ ಮುಗಿದ್ರೆ ಬೀಗ ಇರಲಿ. ಇಲ್ಲಾಂದ್ರೆ ಕೀಲಿಕೈ ನನ್ನ ಕೈಗೆ," ಎಂದು ತಮ್ಮ ಕೋಣೆಗೆ ನಡೆದರು.

ಬೀಗದಕ್ಕ ಒಲ್ಲದ ಮನಸ್ಸಿನಿಂದ ಹೂಂ ಎಂದಳು. ಕೀಲಿಕೈ ಇದ್ದಷ್ಟು ದಿನ ಹತ್ತಿ ಬೇಕೆಂದರೆ ಡಾಕ್ಟರಮ್ಮನೂ ತನ್ನ ಮೇಜಿನ ಮುಂದೆ ಬಂದು ನಿಲ್ಲಬೇಕು. ಅದು ಹೋದರೆ ತಾನು ಬರೀ ಚೀಟಿ ಬರೆಯುವವಳು.

"ಪ್ರಜ್ಞೆ ತಪ್ಪಿ ಬಿದ್ದ ರೋಗಿ ಯಾರಾಗ್ತೀರಿ? ತುಟಿ ಪಿಟಕ್ ಅನ್ನಬಾರದು," ಎಂದರು ಮೇಷ್ಟ್ರು.

"ಹಾಗಾದ್ರೆ ಅಕ್ಕ ಬೇಡ," ಎಂದ ಕಂಪೌಂಡರ್. "ಎರಡು ನಿಮಿಷ ಬಾಯಿ ಮುಚ್ಚಿದ್ರೆ ಅವರಿಗೆ ನಿಜವಾಗ್ಲೂ ಆಕ್ಸಿಜನ್ ಬೇಕಾಗುತ್ತೆ."

ಅಷ್ಟು ಸಾಕಾಯಿತು. ಬೀಗದಕ್ಕ ಕನ್ನಡಕ ತೆಗೆದಿಟ್ಟು ನೆಲದ ಮೇಲೆ ಉದ್ದಕ್ಕೆ ಮಲಗಿಬಿಟ್ಟಳು. "ನಾನು ಬಾಯಿ ಬಿಟ್ರೆ ಆಮೇಲೆ ಹೇಳು."

ಮೇಷ್ಟ್ರು ಸೀಟಿ ಊದಿದರು. ಆಕೆಯ ತಂಗಿಯ ಮಗಳೇ ಅಲ್ಲಿ ನರ್ಸು. "ದೊಡ್ಡಮ್ಮಾ!" ಎನ್ನುತ್ತ ಓಡಿಬಂದು ಮಗ್ಗುಲಿಗೆ ಹೊರಳಿಸಿದಳು. ಪಕ್ಕೆಲುಬಿಗೆ ಏನೋ ಚುಚ್ಚಿತು. ಆಗ ನೆನಪಾಯಿತು: ಇವತ್ತು ಕೀಲಿಕೈ ಬಚ್ಚಿಟ್ಟಿದ್ದು ತನ್ನ ಕೋಟಿನ ಒಳಜೇಬಿನಲ್ಲಿ.

"ಆಕ್ಸಿಜನ್ ಮಾಸ್ಕ್ ತನ್ನಿ!" ನರ್ಸು ಕೂಗಿದಳು.

"ಪೆಟ್ಟಿಗೆಗೆ ಬೀಗ!" ಎಂದ ಕಂಪೌಂಡರ್.

"ಕೀಲಿಕೈ?"

"ಅಕ್ಕನ ಹತ್ರ!"

"ಕರೀರಿ ಅವರನ್ನ!" ಡಾಕ್ಟರಮ್ಮ ಒಳಗಿನಿಂದ ಕೂಗಿದರು.

"ಇಲ್ಲೇ ಬಿದ್ದಿದಾರಲ್ಲ!"

ಮೇಜಿನ ಖಾನೆಗಳು ದಡಬಡ ತೆರೆದವು. ಗೋಡೆ ಗಡಿಯಾರ ಕೆಳಗಿಳಿಯಿತು. "ಅಕ್ಕನ ಡಬ್ಬಿಯಲ್ಲಿ ಬರೀ ಬಿಸ್ಕತ್ತಿದೆ," ಎಂದ ಕಂಪೌಂಡರ್, ಬಾಯಿ ತುಂಬಿಕೊಂಡು. ಬೀಗದಕ್ಕನ ಒಂದು ಕಣ್ಣು ಇನ್ನೇನು ತೆರೆಯಬೇಕು, ತಡೆದುಕೊಂಡಳು.

ಕೊನೆಗೆ ಅವನೇ ಕಿವಿಯ ಹತ್ತಿರ ಬಗ್ಗಿದ. "ಅಕ್ಕಾ, ನಿಮ್ಮ ದಮ್ಮಯ್ಯ, ಎಲ್ಲಿದೆ ಹೇಳಿ!"

ಹೇಳಿದರೆ ಕೀಲಿಕೈ ಉಳಿಯುತ್ತದೆ, ಮಾನ ಹೋಗುತ್ತದೆ. ಬೀಗದಕ್ಕ ಕೊರಡಿನಂತೆ ಬಿದ್ದಿದ್ದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರೆ. ಇಲ್ಲಿ ಕೂಸು ಕಂಕುಳಡಿ ಚುಚ್ಚುತ್ತಲೇ ಇತ್ತು, ಊರು ಹುಡುಕುತ್ತಲೇ ಇತ್ತು.

"ಏಳು ನಿಮಿಷ," ಎಂದರು ಮೇಷ್ಟ್ರು. "ರೋಗಿ ತೀರಿಕೊಂಡ್ರು."

ಬೀಗದಕ್ಕ ದಡಕ್ಕನೆ ಎದ್ದು ಕೂತಳು. "ಯಾರು ತೀರಿಕೊಂಡಿದ್ದು?"

"ನೀವೇ, ತಾಯಿ."

"ಏನಾಗಿತ್ತು ನನಗೆ?"

"ಬೀಗ."

ಎಲ್ಲರೂ ನಕ್ಕರು. ನರ್ಸು ಮಾತ್ರ ನಗಲಿಲ್ಲ. ದೊಡ್ಡಮ್ಮನ ತೋಳನ್ನು ಅವಳ ಕೈ ಇನ್ನೂ ಬಿಟ್ಟಿರಲಿಲ್ಲ. "ನಿಜವಾಗ್ಲೂ ಬಿದ್ದಿದ್ರೆ ನಾನೇನು ಮಾಡ್ಬೇಕಿತ್ತು ದೊಡ್ಡಮ್ಮ?"

ಬೀಗದಕ್ಕ ಆ ಕೈಯನ್ನು ನೋಡಿದಳು. ಒಳಜೇಬಿನಿಂದ ಕೀಲಿಕೈ ತೆಗೆದು, ಹೊರಗೆ ಬಂದಿದ್ದ ಡಾಕ್ಟರಮ್ಮನ ಮುಂದೆ ಹಿಡಿದಳು. "ತಗೊಳ್ಳಿ. ಸತ್ತವಳಿಗೆ ಇದ್ಯಾಕೆ?"

ಬೀಗದ ಜಾಗಕ್ಕೆ ಎಳೆದರೆ ಬಿಚ್ಚುವಂಥ ದಾರ ಸಾಕು ಎಂದರು ಮೇಷ್ಟ್ರು. ದಿನಾ ಬೆಳಿಗ್ಗೆ ಒಳಗಿನ ಸಾಮಾನು ನೋಡಿ ಒಬ್ಬರು ಹೊಸದಾಗಿ ಕಟ್ಟಬೇಕು. "ಯಾರು ಕಟ್ತೀರಿ?" ಎಲ್ಲರ ಕಣ್ಣೂ ಬೀಗದಕ್ಕನ ಕಡೆ ಹೊರಳಿತು.

ಮರುದಿನ ಕೆಂಪು ಪೆಟ್ಟಿಗೆಯ ಮೇಲೆ ನೀಲಿ ದಾರದ ವಿಚಿತ್ರ ಗಂಟೊಂದು ಕೂತಿತ್ತು.

"ಇದೆಂಥಾ ಗಂಟು ಅಕ್ಕಾ?" ಎಂದ ಕಂಪೌಂಡರ್.

"ಎಳೆದ್ರೆ ಕೂಸೂ ಬಿಚ್ಚುತ್ತೆ. ತಿರುಗಿ ಹಾಕೋದು ಮಾತ್ರ ನನಗೊಬ್ಬಳಿಗೇ ಬರೋದು."

ಮೀಸೆ ಸವರುತ್ತಿದ್ದ ಅವನ ಕೈ ಮೆಲ್ಲಗೆ ಕೆಳಗಿಳಿಯಿತು.